ಟೈಲ್ಸ್ ಚಂದ ಇತ್ತು, ಅವ್ವ ಜಾರಿದ್ಲು

ಕಮಲಾಪುರದ ನಮ್ಮ ಮನೆ ಬಚ್ಚಲು ರಿಪೇರಿಗೆ ಬಂದಾಗ ಉಸ್ತುವಾರಿ ನಂದೇ. ಬೆಂಗಳೂರಿನಿಂದ ರಜೆ ಹಾಕಿ ಬಂದು, ಕಲಬುರಗಿಯ ಅಂಗಡಿಯೊಂದರಲ್ಲಿ ಫಳಫಳ ಹೊಳೆಯುವ ಬಿಳಿ ಟೈಲ್ಸ್ ಆರಿಸಿದೆ. ಗೋಡೆಗೂ ಅದೇ, ನೆಲಕ್ಕೂ ಅದೇ. ಮ್ಯಾಚಿಂಗ್ ಅಂತ ಹೆಮ್ಮೆ ಬೇರೆ!

ಕೆಲಸ ಮುಗಿದು ಹದಿನೈದು ದಿನಕ್ಕೆ ಅಪ್ಪನ ಫೋನ್: "ಅವ್ವ ಬಚ್ಚಲದಾಗ ಜಾರಿ ಬಿದ್ದಾಳ." ಮಣಿಕಟ್ಟು ಮುರಿದಿತ್ತು. ಆರು ವಾರ ಪ್ಲಾಸ್ಟರ್.

"ನಿಂದೇನು ತಪ್ಪಿಲ್ಲ ಬಿಡಪಾ, ನಾನೇ ನೋಡ್ಲಿಲ್ಲ" ಅಂದಳು ಅವ್ವ. ಆದರೆ ತಪ್ಪು ನಂದೇ. ಉಳಿದಿದ್ದ ಬಾಕ್ಸ್ ತೆಗೆದು ನೋಡಿದೆ. ಅದರ ಮೇಲೆ 'ವಾಲ್ ಟೈಲ್ಸ್' ಅಂತ ದಪ್ಪಕ್ಷರದಲ್ಲೇ ಇತ್ತು. ಆಫೀಸಿನಲ್ಲಿ ಡಾಕ್ಯುಮೆಂಟೇಶನ್ ಓದದವರನ್ನು ಬೈಯುವ ನಾನು ಇದನ್ನು ಓದಿರಲಿಲ್ಲ.

ಆಮೇಲೆ ಪಾಠ ಮಾಡಿದ್ದು ನಮ್ಮೂರ ಗೌಂಡಿ. ಎರಡು ಟೈಲ್ಸ್ ಬೋರಲು ಹಾಕಿ ನೀರು ಚಿಮುಕಿಸಿದರು. ಗೋಡೆಯ ಸೆರಾಮಿಕ್ ನೀರು ಕುಡಿದುಬಿಟ್ಟಿತು. ವಿಟ್ರಿಫೈಡ್ ಮೇಲೆ ಹನಿ ಹಾಗೇ ನಿಂತಿತ್ತು. ಲೆಕ್ಕದಲ್ಲಿ ಹೇಳುವುದಾದರೆ, ವಿಟ್ರಿಫೈಡ್ ಹೀರುವ ನೀರು ಶೇ. 0.5ರೊಳಗೆ, ಗೋಡೆಯ ಸೆರಾಮಿಕ್ ಹೀರುವುದು ಶೇ. 10ಕ್ಕೂ ಹೆಚ್ಚು. ಅದಕ್ಕೇ ವಿಟ್ರಿಫೈಡ್ ಗಟ್ಟಿ. ಬರೀ ಸಿಮೆಂಟ್ ಹಾಲಿಗೆ ಸರಿಯಾಗಿ ಅಂಟಲ್ಲ, ಟೈಲ್ ಅಡ್ಹೆಸಿವ್ ಬೇಕು.

ಹಾಗಂತ ಗಟ್ಟಿ ಇದ್ದದ್ದೆಲ್ಲ ಜಾರಲ್ಲ ಅಂತಲ್ಲ. ಪಾಲಿಶ್ ಮಾಡಿದ ವಿಟ್ರಿಫೈಡ್ ಒದ್ದೆಯಾದರೆ ಅದೂ ಜಾರುತ್ತೆ. ಬಚ್ಚಲಿಗೆ ಮ್ಯಾಟ್ ಫಿನಿಶ್‌ನ ಆಂಟಿ ಸ್ಕಿಡ್ ಟೈಲ್ಸೇ ಬೇಕು. ಕೆಲವದರ ಮೇಲೆ ಆರ್10, ಆರ್11 ಅಂತ ಗುರುತಿರುತ್ತೆ. ಅಂಕಿ ಹೆಚ್ಚಿದಷ್ಟು ಹಿಡಿತ ಹೆಚ್ಚು. ಸಣ್ಣ ಅಳತೆಯವು ತಗೊಂಡರೆ ಸಂದುಗಳು ಹೆಚ್ಚಿ ಕಾಲಿಗೆ ಆಸರೆ, ನೀರಿನ ಇಳಿಜಾರೂ ಸಲೀಸು.

ಪಡಸಾಲಿಯ ಶಹಾಬಾದ್ ಫರ್ಶಿಯನ್ನೂ ಕಿತ್ತು ಹಾಕುವ ಪ್ಲ್ಯಾನ್ ನನಗಿತ್ತು. ಅಜ್ಜ ಹಾಕಿಸಿದ್ದು. ಅದು ಸುಣ್ಣದ ಕಲ್ಲು. ವಾಡಿ, ಸೇಡಂನ ಸಿಮೆಂಟ್ ಫ್ಯಾಕ್ಟರಿಗಳು ನಿಂತಿರುವುದೂ ಈ ಭಾಗದ ಸುಣ್ಣದ ಕಲ್ಲಿನ ಮೇಲೇ. ನಿಂಬೆಹುಳಿ, ಆ್ಯಸಿಡ್ ಬಿದ್ದರೆ ಕಲೆಯಾಗುತ್ತೆ ನಿಜ. ಆದರೆ ನಮ್ಮ ಮೇ ತಿಂಗಳ ಬಿಸಿಲಲ್ಲಿ ಮಧ್ಯಾಹ್ನ ಅಪ್ಪ ಚಾಪೆಯಿಲ್ಲದೆ ಅದರ ಮೇಲೇ ಮಲಗುತ್ತಾರೆ. ಕೀಳಿಸಲಿಲ್ಲ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅವ್ವನನ್ನೇ ಕಲಬುರಗಿಗೆ ಕರೆದುಕೊಂಡು ಹೋದೆ. ಬಣ್ಣ, ಡಿಸೈನ್ ಏನೂ ಕೇಳಲಿಲ್ಲ ಆಕೆ. ಚಪ್ಪಲಿ ಬಿಟ್ಟು, ಅಂಗಡಿ ಹುಡುಗನಿಗೆ "ಇದರ ಮ್ಯಾಲೆ ಸ್ವಲ್ಪ ನೀರು ಹಾಕು ತಮ್ಮಾ" ಅಂದಳು. ನನ್ನ ಭುಜ ಹಿಡಿದು, ಬರಿಗಾಲಲ್ಲಿ ಒಂದೊಂದರ ಮೇಲೂ ನಿಂತು ನೋಡಿದಳು. ನಾಲ್ಕನೆಯದರ ಮೇಲೆ ನಿಂತಾಗ ಕೈ ಬಿಟ್ಟಳು.

"ಇದು ಹಾಕ್ಸು."