ನಿಧಾನವೂ ನಿದಾನವೂ

ಕಳೆದ ಕಾರ್ತಿಕಮಾಸದಲ್ಲಿ ನಾವು ಸೋದರಳಿಯನ ಹಳೆಯ ಜೀಪಿನಲ್ಲಿ ಸಕಲೇಶಪುರದ ಕಡೆಯಿಂದ ಹಿಂದಿರುಗುತ್ತಿದ್ದೆವು. ಹಿಂದುಗಡೆ ನಮ್ಮ ಮನೆಯವರೂ ಮೊಮ್ಮಗುವೂ ಕುಳಿತಿದ್ದರು. ಕೆರೆಯೇರಿಯೊಂದರ ಮೇಲೆ ಮುಂದಣ ಚಕ್ರವು ಗುಂಡಿಗೆ ಬಿದ್ದೆದ್ದುದೇ ತಡ, ಸ್ಟೀರಿಂಗು ಗ್ರಹ ಬಡಿದಂತೆ ಎಡಬಲಕ್ಕೆ ಹೊಡೆದಾಡತೊಡಗಿತು. ಮಗ್ಗುಲಲ್ಲೇ ತುಂಬಿದ ನೀರು!

“ಬ್ರೇಕು ಒತ್ತೋ!” ಎಂದು ಕೂಗಿದೆವು.

“ಮಾವ, ಸುಮ್ಮನಿರಿ” ಎಂದ ಅಳಿಯನು ಸ್ಟೀರಿಂಗನ್ನು ನೇರವಾಗಿ, ದೃಢವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ತೆಗೆದನು. ವೇಗ ಕುಗ್ಗಿದಂತೆ ನಡುಕವೂ ಕುಗ್ಗಿ ಗಾಡಿಯು ಅಂಚಿನಲ್ಲಿ ನಿಂತಿತು. ಥಟ್ಟನೆ ಬ್ರೇಕು ಒತ್ತಿದ್ದರೆ ಭಾರವೆಲ್ಲ ಮುಂದಣ ಚಕ್ರಗಳಿಗೆ ಬಿದ್ದು ನಡುಕವು ಉಲ್ಬಣಿಸಬಹುದಾಗಿತ್ತಂತೆ.

ಮೊದಲು ಕಂಡ ಮೇಸ್ತ್ರಿಯು ಸ್ಟೀರಿಂಗಿನ ಡ್ಯಾಂಪರನ್ನು ಮಾತ್ರ ಬದಲಿಸಿದನು. ಎಂಟೇ ದಿನದಲ್ಲಿ ಉಪದ್ರವವು ಮರುಕಳಿಸಿತು. ಎರಡನೆಯವರು ವೃದ್ಧರು. ಸ್ಟೀರಿಂಗನ್ನು ಅತ್ತಿತ್ತ ಆಡಿಸಹೇಳಿ, ತಾವು ಗಾಡಿಯ ಕೆಳಗೆ ಮಲಗಿ ಒಂದೊಂದು ಕೀಲನ್ನೂ ಮುಟ್ಟಿ ನೋಡಿದರು. ಟೈ ರಾಡಿನ ತುದಿಯ ಕೀಲು ಸವೆದಿದ್ದಿತು. ಕಿಂಗ್ ಪಿನ್ನಿನ ಬೇರಿಂಗು ಸಡಿಲಿದ್ದಿತು. ಟೈರು ಸಮತೂಕ ತಪ್ಪಿದ್ದಿತು. “ಮುಂದಿನ ಎರಡು ಚಕ್ರಕ್ಕೂ ಒಂದೇ ಗಟ್ಟಿ ಅಚ್ಚು, ಸ್ವಾಮಿ. ಒಂದು ನಡುಗಿದರೆ ಇನ್ನೊಂದು ಬಿಡುವುದಿಲ್ಲ. ಡ್ಯಾಂಪರು ರೋಗ ಮುಚ್ಚುತ್ತದೆ, ವಾಸಿಮಾಡುವುದಿಲ್ಲ” ಎಂದರು.

ನಿಧಾನವೆಂದರೆ ಸಾವಧಾನ, ನಿದಾನವೆಂದರೆ ರೋಗದ ಮೂಲವನ್ನರಿಯುವುದು. ಒಂದು ಮಹಾಪ್ರಾಣದ ಅಂತರವೆಂದು ಮೂವತ್ತು ವರ್ಷ ಮಕ್ಕಳಿಗೆ ತಿದ್ದಿದವರು ನಾವು. ಅಪಾಯದಲ್ಲಿ ಮೊದಲನೆಯದು, ಅದು ಕಳೆದ ಮೇಲೆ ಎರಡನೆಯದು ಬೇಕೆಂಬ ಪಾಠವನ್ನು ಮಾತ್ರ ಆ ಅಳಿಯನಿಂದಲೂ ಮೇಸ್ತ್ರಿಯಿಂದಲೂ ಕಲಿತೆವು.