ಸವೆದ ಬುಷ್

ಕೆಲವು ವರ್ಷಗಳ ಹಿಂದೆ ಪುಣೆಯಿಂದ ಹೈದರಾಬಾದಿಗೆ ವರ್ಗವಾದಾಗ ನಾವು, ಎಂದರೆ ಹನ್ನೆರಡರ ಮಗನೂ ಈ ಬರಹಗಾರನೂ, ಮನೆಯ ಸಾಮಾನು ಹೇರಿದ ಲಾರಿಯಲ್ಲಿಯೇ ಹೊರಟೆವು. ಮನೆಯವರು ಮುನ್ನಾದಿನವೇ ರೈಲು ಹತ್ತಿದ್ದರು. ಚಾಲಕರು ಹುಮನಾಬಾದಿನ ಕಡೆಯವರು. ಪರಸ್ಥಳದ ಹೆದ್ದಾರಿಯಲ್ಲಿ ಕನ್ನಡದ ಮಾತು ದೊರೆತ ಸಂತೋಷದಲ್ಲಿ ಇಂದಾಪುರ ದಾಟಿದ್ದೇ ನಮಗೆ ತಿಳಿಯಲಿಲ್ಲ.

ಸೊಲ್ಲಾಪುರ ಸಮೀಪಿಸುತ್ತಿದ್ದಂತೆ, ಬ್ರೇಕ್ ಒತ್ತಿದಾಗಲೆಲ್ಲ ಮುಂಗಾಲಿಯ ಬಳಿ ‘ಕಟಕ್’ ಎಂಬ ಸದ್ದು ಕೇಳತೊಡಗಿತು. ಚಾಲಕರು ಲಾರಿ ನಿಲ್ಲಿಸಿ, ಕಮಾನು ಪಟ್ಟಿಯ ತುದಿಯಲ್ಲಿ ಹಾರೆಯನ್ನಿಟ್ಟು ಮೀಟಿ ನೋಡಿದರು. ಅದು ಸಡಿಲವಾಗಿ ಅಲುಗಿತು.

“ಸಾಹೇಬ್ರ, ಮುಂದಿನ ಕಮಾನಿನ ಬುಷ್ ಹೋಗ್ಯಾವ. ಗಾಡಿ ಎಡಕ್ಕ ಎಳೀಲಕತ್ತದ.”

ಮರುದಿನ ಪೂರ್ವಾಹ್ನ ನಾವು ಕಚೇರಿಯಲ್ಲಿ ಹಾಜರಾಗಬೇಕಿತ್ತು. ಇನ್ನೂ ಸುಮಾರು 300 ಕಿಲೋಮೀಟರು ಉಳಿದಿತ್ತು. ನಿಧಾನವಾಗಿ ಹೋಗೋಣವೆಂದೆವು. ಒಪ್ಪದಿದ್ದಾಗ ಸಾವಿರ ರೂಪಾಯಿ ಹೆಚ್ಚು ಕೊಡುವುದಾಗಿಯೂ ಹೇಳಿದೆವು. ಅವರು ನೋಟಿನ ಕಡೆ ನೋಡದೆ, “ನಿಮ್ಮ ಹುಡುಗ ಕುಂತಾನ್ರಿ ಗಾಡ್ಯಾಗ” ಎಂದಷ್ಟೇ ನುಡಿದರು.

ರಸ್ತೆಬದಿಯ ಗ್ಯಾರೇಜಿನಲ್ಲಿ ಹಿಂಗಾಲಿಗಳಿಗೆ ಕಲ್ಲು ಕೊಟ್ಟು, ಚಾಸಿಯನ್ನು ಜಾಕಿನಿಂದೆತ್ತಿ, ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ, ಕಮಾನಿನ ಮೇಲಿದ್ದ ಭಾರವನ್ನು ಇಳಿಸಿದರು. ಪಿನ್ನು ಸುಲಭವಾಗಿ ಹೊರಬರಲಿಲ್ಲ. ಗ್ರೀಸ್ ಹೋಗುವ ರಂಧ್ರ ಮಣ್ಣಿನಿಂದ ಮುಚ್ಚಿತ್ತು. ಸುತ್ತಿಗೆಯ ಏಟುಗಳ ಬಳಿಕ ಹೊರಬಿದ್ದ ಗನ್‌ಮೆಟಲ್ ಬುಷ್ಷು ಒಂದು ಬದಿಯಲ್ಲಿ ಕಾಗದದಷ್ಟು ತೆಳುವಾಗಿತ್ತು. ಪಿನ್ನಿಗಿಂತ ಮೃದುವಾದ ಲೋಹ ಅದು. ತಾನು ಸವೆದು ಪಿನ್ನನ್ನೂ ಕಮಾನಿನ ಕಣ್ಣನ್ನೂ ಉಳಿಸುವುದೇ ಅದರ ಕೆಲಸ. ಅದು ಸವೆದ ಮೇಲೂ ಓಡಿಸಿದರೆ ಬ್ರೇಕ್ ಹಾಕಿದಾಗ ಆಕ್ಸಲ್ಲೇ ಹಿಂದುಮುಂದಾಗಿ, ಸ್ಟಿಯರಿಂಗು ಚಾಲಕನ ಮಾತು ಕೇಳುವುದಿಲ್ಲ.

ಗ್ರೀಸಿನ ರಂಧ್ರಗಳು ಒಂದಕ್ಕೊಂದು ಸೇರುವಂತೆ ಹೊಸ ಬುಷ್ಷನ್ನು ಕೂರಿಸಿ, ರೀಮರ್ ಆಡಿಸಿ, ಹೊಸ ಪಿನ್ನು ತೊಡಿಸಿದರು. ಎಡಬದಿಯದು ಮುಗಿದೊಡನೆ ನಾವು ಎದ್ದು ನಿಂತೆವು. ಬಲಬದಿಯದೂ ಆಗಬೇಕೆಂದು ಚಾಲಕರು ಮತ್ತೆ ಕೂರಿಸಿದರು. ಮಗನಿಗೆ ಗ್ರೀಸ್ ಗನ್ ಕೊಟ್ಟು, ಎರಡೂ ಅಂಚುಗಳಿಂದ ಗ್ರೀಸ್ ಹೊರಸೂಸುವವರೆಗೆ ಒತ್ತಿಸಿದರು. ಅಷ್ಟರಲ್ಲಿ ನಡುರಾತ್ರಿ ಕಳೆದಿತ್ತು.

ಮರುದಿನ ಅಪರಾಹ್ನ ಹಾಜರಾದೆವು. ವಿಳಂಬಕ್ಕೆ ಕಾರಣವನ್ನು ಇಂಗ್ಲಿಷಿನಲ್ಲಿ, ಕಚೇರಿಯ ಶೈಲಿಯಲ್ಲಿ ಬರೆದುಕೊಟ್ಟೆವು: ವಾಹನದ ಅನಿವಾರ್ಯ ದುರಸ್ತಿ. ಮೇಲಧಿಕಾರಿಗಳು ಓದಿ, ಮಗುವನ್ನು ಕರೆತರುವಾಗ ಅಷ್ಟು ಎಚ್ಚರ ಇರಬೇಕಾದದ್ದೇ ಎಂದು ಮೆಚ್ಚಿಕೊಂಡರು. ನಾವು ತಿದ್ದಲಿಲ್ಲ. ಆ ದುರಸ್ತಿ ಅನಿವಾರ್ಯವೆನಿಸಿದ್ದು ನಮಗಲ್ಲ. ಅದನ್ನು ತಪ್ಪಿಸಲು ನಾವು ಸಾವಿರ ರೂಪಾಯಿ ಚಾಚಿದ್ದೆವು. ಕಡತದಲ್ಲಿ ಸೇರದ ಆ ಮಾತು ಇಲ್ಲಿಯಾದರೂ ದಾಖಲಾಗಲಿ.