ತುಂಗೆಯ ಮೆಟ್ಟಿಲು ಇಳಿಯುತ್ತಾ…

ಶಿವಮೊಗ್ಗದಿಂದ ತೀರ್ಥಹಳ್ಳಿ, ಕೊಪ್ಪ ದಾಟಿ ಶೃಂಗೇರಿಗೆ ಹೋಗುವ ದಾರಿಯೇ ಒಂದು ಹಬ್ಬ. ಅಡಿಕೆ ತೋಟ, ಅದರ ಹಿಂದೆ ಗದ್ದೆ, ಗದ್ದೆಯ ಹಿಂದೆ ಕಾಡು, ಮತ್ತೆ ಅಡಿಕೆ ತೋಟ. ತೀರ್ಥಹಳ್ಳಿಗೂ ಕೊಪ್ಪಕ್ಕೂ ನಡುವೆ ಕುವೆಂಪು ಅವರ ಕುಪ್ಪಳಿ ಸಿಗುತ್ತದೆ. ಓದಲೆಂದು ಮೈಸೂರಿಗೆ ಹೋದ ಕುವೆಂಪು ಅಲ್ಲೇ ನೆಲೆ ನಿಂತರು. ಆದರೆ ಅವರ ‘ಮಲೆನಾಡಿನ ಚಿತ್ರಗಳು’ ಓದಿ ನೋಡಿ. ಅವರು ಊರು ಬಿಟ್ಟಿದ್ದರೂ ಊರು ಅವರನ್ನು ಬಿಟ್ಟಿರಲಿಲ್ಲ ಎಂದು ತಿಳಿಯುತ್ತದೆ.

ಮಕ್ಕಳೇ, ನೋಡಿದ ಊರು ಹೀಗೆ ನಮ್ಮ ಜೊತೆಗೇ ಮನೆಗೆ ಬರುತ್ತದೆ. ಮನಸ್ಸಿಗೆ ಗಾಬರಿಯಾದಾಗ ಕಣ್ಣು ಮುಚ್ಚಿ ಅಲ್ಲಿಗೆ ಹೋಗಿ ಬರಬಹುದು. ಈ ವಿದ್ಯೆಯನ್ನು ನನಗೂ ನನ್ನ ಮೊಮ್ಮಗಳಿಗೂ ಕಲಿಸಿದವರು ನಮ್ಮ ಮನೆಯ ಅಜ್ಜ.

ಹೋದ ವರ್ಷ ದಸರಾ ರಜೆಯಲ್ಲಿ ನಾವು ಮೂವರು ಶೃಂಗೇರಿಗೆ ಹೋಗಿದ್ದೆವು. ಬಸ್ಸಿಳಿದ ಕೂಡಲೇ ಅಜ್ಜ ಒಂದು ಷರತ್ತು ಹಾಕಿದರು. “ಫೋನು ಚೀಲದಲ್ಲಿರಲಿ. ಫೋಟೋ ಆಮೇಲೆ ತೆಗೆಯೋಣ. ಮೊದಲು ಕಣ್ಣು, ಕಿವಿ, ಮೂಗು, ಪಾದ ಎಲ್ಲಕ್ಕೂ ಒಂದೊಂದು ಕೆಲಸ ಕೊಡು ಪುಟ್ಟಿ.”

ಕಣ್ಣಿಗೆ ಕೆಲಸ ಸಿಕ್ಕಿದ್ದು ವಿದ್ಯಾಶಂಕರ ದೇವಾಲಯದಲ್ಲಿ. ಹದಿನಾಲ್ಕನೆಯ ಶತಮಾನದ ಕಲ್ಲಿನ ಗುಡಿ ಅದು. ಒಳಗೆ 12 ರಾಶಿಗಳ 12 ಕಂಬಗಳಿವೆ. ಸೂರ್ಯ ಯಾವ ರಾಶಿಯಲ್ಲಿದ್ದಾನೋ ಆ ರಾಶಿಯ ಕಂಬದ ಮೇಲೆ ಬೆಳಗಿನ ಬಿಸಿಲು ಬೀಳುತ್ತದೆ ಎಂದು ಹಿರಿಯರು ಹೇಳುತ್ತಾರೆ. ಕಂಬದಲ್ಲಿ ಕೆತ್ತಿದ ಸಿಂಹದ ಬಾಯೊಳಗೊಂದು ಕಲ್ಲಿನ ಗುಂಡು. ಅದು ಉರುಳುತ್ತದೆ, ಆದರೆ ಹೊರಗೆ ಬರುವುದಿಲ್ಲ! ಪುಟ್ಟಿ ಅದನ್ನೇ ನೋಡುತ್ತಾ ನಿಂತುಬಿಟ್ಟಳು.

ಪಾದಕ್ಕೆ ಕೆಲಸ ಕೊಟ್ಟದ್ದು ಹೊಳೆಗೆ ಇಳಿಯುವ ಮೆಟ್ಟಿಲುಗಳು. ಬಿಸಿಲು ಬಿದ್ದ ಮೇಲಿನ ಮೆಟ್ಟಿಲು ಬೆಚ್ಚಗಿತ್ತು. ಕೆಳಗಿಳಿದಂತೆ ಕಲ್ಲು ತಣ್ಣಗಾಗುತ್ತಾ, ಕೊನೆಯದರಲ್ಲಿ ನೀರು ಕಾಲಿಗೆ ತಾಗಿತು. ಗಂಗಾಮೂಲದಲ್ಲಿ ಹುಟ್ಟಿದ ಈ ತುಂಗೆಯೇ ನಮ್ಮ ಶಿವಮೊಗ್ಗವನ್ನೂ ಹಾದು, ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಳ್ಳುತ್ತದೆ. ಶೃಂಗೇರಿಯ ಮೆಟ್ಟಿಲ ಬಳಿ ಮೀನು ಹಿಡಿಯುವಂತಿಲ್ಲ. ಹಾಗಾಗಿ ದೊಡ್ಡ ದೊಡ್ಡ ಮೀನುಗಳು ಹೆದರದೆ ಕಾಲ ಬುಡಕ್ಕೇ ಬರುತ್ತವೆ. ಹಿಡಿ ಮಂಡಕ್ಕಿ ಹಾಕಿದರೆ ಹತ್ತಾರು ಬಾಯಿಗಳು ಒಟ್ಟಿಗೆ ತೆರೆದು ‘ಪಚಪಚ’ ಸದ್ದು. ಕಿವಿಯ ಕೆಲಸವೂ ಆಯಿತು!

ಅಲ್ಲೇ ಕಪ್ಪೆ ಶಂಕರನ ಗುಡಿಯಿದೆ. ಬಿಸಿಲಿನಲ್ಲಿ ಬಳಲಿದ ಗರ್ಭಿಣಿ ಕಪ್ಪೆಗೆ ಹಾವೊಂದು ಹೆಡೆಬಿಚ್ಚಿ ನೆರಳು ಮಾಡಿದ್ದನ್ನು ಶಂಕರಾಚಾರ್ಯರು ಕಂಡರೆಂಬುದು ಅಲ್ಲಿಯ ಕಥೆ. ಸೇತುವೆ ದಾಟಿದರೆ ನರಸಿಂಹವನ. ಮರಗಳ ನೆರಳಲ್ಲಿ ಒದ್ದೆ ಎಲೆ, ಒದ್ದೆ ಮಣ್ಣಿನ ವಾಸನೆ. ಅದು ಮೂಗಿನ ಪಾಲು.

ಊರಿಗೆ ಮರಳಿದ ಮುಂದಿನ ತಿಂಗಳೇ ಅಜ್ಜನಿಗೆ ಕಣ್ಣಿನ ಪೊರೆಯ ಆಪರೇಷನ್. ಸೂಜಿ ಕಂಡರೇ ಬಿ.ಪಿ. ಏರುವ ಮನುಷ್ಯ ಅವರು. ಆದರೆ ಇಲ್ಲಿ ಎಚ್ಚರವಾಗಿಯೇ ಮಲಗಿರಬೇಕು, ಮುಖದ ಮೇಲೆ ಬಟ್ಟೆ ಹೊದಿಸಿರುತ್ತಾರೆ, ಅಲುಗಾಡುವಂತಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ನನಗೇ ಕೈಕಾಲು ತಣ್ಣಗಾಗಿತ್ತು. ಅವರು ಹೊರಬಂದವರೇ, “ಶೃಂಗೇರಿಗೆ ಹೋಗಿ ಬಂದೆ ಕಣೇ. ಒಂದೊಂದೇ ಮೆಟ್ಟಿಲು ಇಳಿದೆ. ಮೀನು ಎಣಿಸುತ್ತಿದ್ದೆ, ಅಷ್ಟರಲ್ಲಿ ಡಾಕ್ಟರು ಮುಗೀತು ಅಂದರು” ಎಂದರು.

ಇದರಲ್ಲಿ ಮಾಯಮಂತ್ರವೇನಿಲ್ಲ. ಹೆದರಿಕೆಯಾದಾಗ ಎದೆ ಡವಡವ ಎನ್ನುತ್ತದೆ, ಉಸಿರು ಚಿಕ್ಕದಾಗುತ್ತದೆ, ಅಂಗೈ ಬೆವರುತ್ತದೆ. ಓಡಲು ಇಲ್ಲವೇ ಹೋರಾಡಲು ದೇಹ ಸಿದ್ಧವಾಗುವ ರೀತಿ ಅದು. ಮನಸ್ಸು ಹಿತವಾದ ಜಾಗದಲ್ಲಿ ನೆಲೆಸಿ ಉಸಿರು ನಿಧಾನವಾದರೆ ಎದೆಬಡಿತವೂ ನಿಧಾನವಾಗುತ್ತದೆ. ಚಿಕಿತ್ಸೆಗೆ ಬಂದವರ ಅಂಜಿಕೆ ಕಡಿಮೆ ಮಾಡಲು ಕೆಲವು ಆಸ್ಪತ್ರೆಗಳಲ್ಲೂ ಈ ಕ್ರಮವನ್ನು ಬಳಸುತ್ತಾರೆ. ಇದು ಔಷಧಿಗೆ ಬದಲಿಯಲ್ಲ, ಔಷಧಿಯ ಜೊತೆಗಾರ.

ಏಳನೇ ತರಗತಿಯ ಪುಟ್ಟಿಗೆ ಗಣಿತ ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ. ಹೊಟ್ಟೆ ನೋವು ಎಂದು ಎದ್ದು ಬಂದಳು. ಅಜ್ಜ ಪಕ್ಕದಲ್ಲಿ ಕೂರಿಸಿಕೊಂಡರು.

“ಮೇಲಿನ ಮೆಟ್ಟಿಲು ಹೇಗಿತ್ತು?”

“ಬೆಚ್ಚಗೆ.”

“ಉಸಿರು ತಗೋ… ಬಿಡು. ಈಗ ಇನ್ನೊಂದು ಇಳಿ.”

ಬೆಳಿಗ್ಗೆ ಎದ್ದವಳು, “ಅಜ್ಜಾ, ನಾಲ್ಕನೇ ಮೀನು ಬರೋ ಹೊತ್ತಿಗೆ ನಿದ್ದೆ ಬಂದುಬಿಟ್ಟಿತ್ತು!” ಎಂದಳು. ಲೆಕ್ಕವನ್ನು ಮೀನು ಹೇಳಿಕೊಡಲಿಲ್ಲ, ನಿಜ. ಕಲಿತ ಲೆಕ್ಕ ಗಾಬರಿಯಲ್ಲಿ ಮರೆಯಲಿಲ್ಲ, ಅಷ್ಟೇ.

ನನ್ನ ವಯಸ್ಸಿನವರಿಗೂ ಒಂದು ಮಾತು. ಎಲ್ಲ ಸವಿನೆನಪೂ ಈ ಕೆಲಸಕ್ಕೆ ಒದಗುವುದಿಲ್ಲ. ನನ್ನ ಅಕ್ಕನ ಜೊತೆ ಆಗುಂಬೆಯಲ್ಲಿ ನೋಡಿದ ಸೂರ್ಯಾಸ್ತ ನನಗೆ ಬಲು ಪ್ರಿಯ. ಆದರೆ ಅಕ್ಕ ಈಗಿಲ್ಲ. ಅದನ್ನು ನೆನೆದರೆ ಕಣ್ಣು ತುಂಬುತ್ತದೆ, ನಿದ್ದೆ ಇನ್ನೂ ದೂರ ಹೋಗುತ್ತದೆ. ಆ ನೆನಪನ್ನು ಹಗಲಿಗೆ, ಮಾತಾಡಲು ಯಾರಾದರೂ ಜೊತೆಗಿದ್ದಾಗ ಇಟ್ಟುಕೊಂಡಿದ್ದೇನೆ. ರಾತ್ರಿಗೆ ಯಾವ ನೋವೂ ಅಂಟಿರದ ಸಣ್ಣ ನೆನಪೇ ಸಾಕು: ತಣ್ಣನೆಯ ಕಲ್ಲು, ಮೀನಿನ ಬಾಯಿ.

ಇದಕ್ಕೆ ಶೃಂಗೇರಿಯೇ ಆಗಬೇಕೆಂದಿಲ್ಲ ಮಕ್ಕಳೇ. ಅಜ್ಜಿಮನೆಯ ಹಿತ್ತಲು, ಊರ ಕೆರೆಯ ಏರಿ, ಶಾಲೆಯ ಮುಂದಿನ ಮರದ ಕಟ್ಟೆ, ಯಾವುದಾದರೂ ಆದೀತು. ಒಂದು ಜಾಗ ಆರಿಸಿಕೊಳ್ಳಿ. ಒಂದೇ ಕಡೆಯಿಂದ ಒಳಗೆ ಹೋಗಿ, ನಿಧಾನವಾಗಿ ನಡೆಯಿರಿ, ಹೆಜ್ಜೆಗೊಂದು ಉಸಿರು. ಭಯವಿಲ್ಲದ ದಿನಗಳಲ್ಲೇ ನಾಲ್ಕು ಸಲ ಅಭ್ಯಾಸ ಮಾಡಿ. ಆಗ ಭಯದ ದಿನ ದಾರಿ ತಪ್ಪುವುದಿಲ್ಲ. ಮುಂದಿನ ರಜೆಯಲ್ಲಿ ಎಲ್ಲಿಗೇ ಹೋದರೂ ಸ್ವಲ್ಪ ಹೊತ್ತು ಫೋನು ಚೀಲದಲ್ಲಿಟ್ಟು, ಚಪ್ಪಲಿ ಕಳಚಿ, ನೆಲ ಬೆಚ್ಚಗಿದೆಯೋ ತಣ್ಣಗಿದೆಯೋ ನೋಡಿಕೊಂಡು ಬನ್ನಿ.